ಬ್ಲೂ ಸ್ವೀಡಿಷ್ ಬಾತುಮರಿಗಳ ವಿಮರ್ಶೆ: ಹ್ಯಾಚರಿ ಕೊಡುವ ಬಣ್ಣ ಎಷ್ಟು ಸರಿ?

ಅಮೆರಿಕದ ಹ್ಯಾಚರಿಗಳ ಪಟ್ಟಿಯಲ್ಲಿ ಬ್ಲೂ ಸ್ವೀಡಿಷ್ ಹೆಸರಿನ ಪಕ್ಕ ಸಾಮಾನ್ಯವಾಗಿ ಒಂದೇ ಬಗೆಯ ಚಿತ್ರ ಇರುತ್ತದೆ: ಬೂದು ಬೆರೆತ ನೀಲಿ ಮೈ, ಹಸಿರು ಹೊಳಪಿನ ಕಡು ತಲೆ, ಕತ್ತಿನಿಂದ ಎದೆಗೆ ಇಳಿದ ಬಿಳಿ ಮಚ್ಚೆ, ಅಂದರೆ ಬಿಬ್. ಅಂಚೆಯಲ್ಲಿ ಬಂದ ಪೆಟ್ಟಿಗೆ ತೆರೆದರೆ ಆರು ಮರಿ ಬೂದು, ಮೂರು ಕಪ್ಪು, ಮೂರು ಮಾಸಲು ಹಳದಿ. ಕೊಂಡವರು ಮೋಸವಾಯಿತೆಂದು ಒಂದು ನಕ್ಷತ್ರ ಕೊಟ್ಟು ಬರೆಯುತ್ತಾರೆ. ಆ ದೂರು ಹೆಚ್ಚಿನ ಸಲ ಸರಿಯಲ್ಲ. ಹನ್ನೆರಡಕ್ಕೆ ಹನ್ನೆರಡೂ ಬೂದು ಮರಿ ಸಿಕ್ಕವರು ಐದು ನಕ್ಷತ್ರ ಕೊಡುತ್ತಾರೆ. ನಾಲ್ಕು ತಿಂಗಳು ಕಳೆದು ಅವೇ ಬಾತುಗಳ ರೆಕ್ಕೆ ಬಿಡಿಸಿ ನೋಡಿದರೆ ಒಂದು ಬಿಳಿ ಗರಿಯೂ ಇರುವುದಿಲ್ಲ. ಆ ಮೆಚ್ಚುಗೆಗೂ ಆಧಾರವಿಲ್ಲ.

ಈ ತಳಿಯಲ್ಲಿ ನೀಲಿ ಬರಿಸುವುದು ಸುಲಭ. ಅಚ್ಚುಕಟ್ಟಾದ ಬಿಬ್, ಎರಡೂ ರೆಕ್ಕೆಯ ತುದಿಯಲ್ಲಿ ಎರಡೆರಡೇ ಬಿಳಿ ಗರಿ, ಮೈಯೆಲ್ಲ ಒಂದೇ ಹದದ ಬಣ್ಣ, ಇವು ಮೂರೂ ಒಂದೇ ಹಕ್ಕಿಯಲ್ಲಿ ಕೂಡುವುದು ಕಷ್ಟ. ಹ್ಯಾಚರಿಯ ತಾಯಿಮಂದೆ, ಅಂದರೆ ಮರಿ ಪಡೆಯಲು ಇಟ್ಟುಕೊಂಡ ಬಾತುಗಳು, ಎಂಥದ್ದೆಂದು ಗೊತ್ತಾಗುವುದು ಅಲ್ಲೇ. ಆದ್ದರಿಂದ ಇಲ್ಲಿ ಯಾವ ಅಂಗಡಿಯ ಹೆಸರನ್ನೂ ಹೇಳದೆ, ಮಾರಾಟಕ್ಕಿರುವ ಮರಿಗಳನ್ನು ಬಣ್ಣದ ದೃಷ್ಟಿಯಿಂದ ಹೇಗೆ ತೂಗಬೇಕು, ಯಾವ ರೂಪದಲ್ಲಿ ಕೊಂಡರೆ ಹಣಕ್ಕೆ ತಕ್ಕ ಬಣ್ಣ ಸಿಗುತ್ತದೆ ಎಂಬುದನ್ನು ನೋಡೋಣ.

ಮಾನಕ ಕೇಳುವ ಬಣ್ಣ

ನೀಲಿ ಬಾತುಗಳು 1835ರ ಹೊತ್ತಿಗೆ ಯುರೋಪಿನ ಬಾಲ್ಟಿಕ್ ಕರಾವಳಿಯ ಪೊಮೆರೇನಿಯಾದಲ್ಲಿ ದೊಡ್ಡ ಮಂದೆಗಳಲ್ಲಿದ್ದವು. ಆ ಸೀಮೆಯ ಒಂದು ಭಾಗ 1815ರವರೆಗೂ ಸ್ವೀಡನ್ ಆಳ್ವಿಕೆಯಲ್ಲಿತ್ತು, ತಳಿಗೆ ಹೆಸರು ಬಂದದ್ದು ಹಾಗೆ. 1884ರಲ್ಲಿ ಅಮೆರಿಕಕ್ಕೆ ಬಂತು. 1904ರಲ್ಲಿ, ಪ್ರದರ್ಶನದ ಹಕ್ಕಿಗಳು ಹೇಗಿರಬೇಕೆಂಬ ಮಾನಕ ಬರೆಯುವ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಮಾನ್ಯತೆ ಕೊಟ್ಟಿತು. ಅಲ್ಲಿ ಇದು ಮಧ್ಯಮ ತೂಕದ ಬಾತುಗಳ ವರ್ಗಕ್ಕೆ ಸೇರಿದೆ. ಕಯುಗ, ಬಫ್, ಕ್ರೆಸ್ಟೆಡ್ ತಳಿಗಳೂ ಅದೇ ವರ್ಗದವು. ಬೆಳೆದ ಗಂಡು 8 ಪೌಂಡ್, ಅಂದರೆ ಸುಮಾರು 3.6 ಕಿಲೊ, ಹೆಣ್ಣು 7 ಪೌಂಡ್, ಸುಮಾರು 3.2 ಕಿಲೊ. ಮಾನ್ಯತೆ ಇರುವುದು ನೀಲಿಗೆ ಮಾತ್ರ. ಕಪ್ಪು ಸ್ವೀಡಿಷ್, ಸಿಲ್ವರ್ ಸ್ವೀಡಿಷ್ ಎಂದು ಮಾರುವ ಮರಿಗಳು ಅದೇ ಮೊಟ್ಟೆಗಳಿಂದ ಬಂದ ಒಡಹುಟ್ಟುಗಳೇ ಹೌದು, ಆದರೆ ಅವು ಪ್ರದರ್ಶನದಲ್ಲಿ ನೀಲಿ ಸ್ವೀಡಿಷ್‌ನ ಪಂಜರದಲ್ಲಿ ನಿಲ್ಲುವಂತಿಲ್ಲ.

ಮೈಬಣ್ಣ ಸ್ಲೇಟಿನ ನೀಲಿ. ತಲೆಯಿಂದ ಬಾಲದವರೆಗೆ ಒಂದೇ ಹದದಲ್ಲಿರಬೇಕು. ಪ್ರತಿ ಗರಿಯ ಅಂಚಿನಲ್ಲಿ ಸ್ವಲ್ಪ ಕಡುವಾದ ನೀಲಿಯ ಗೆರೆ, ಲೇಸಿಂಗ್, ಕಾಣಬೇಕು. ಈ ಗೆರೆ ಹೆಣ್ಣಿನ ಬೆನ್ನು ಮತ್ತು ಪಕ್ಕೆಯಲ್ಲಿ ಸ್ಪಷ್ಟ, ಗಂಡಿನಲ್ಲಿ ಕಡಿಮೆ. ಗಂಡಿನ ತಲೆ ಮೈಗಿಂತ ಕಡು, ಮೇಲೆ ಹಸಿರು ಹೊಳಪು. ಹೆಣ್ಣಿನ ತಲೆಗೆ ಆ ಹೊಳಪು ಬೇಡ. ಗಂಡಿನ ಕೊಕ್ಕು ಹಸಿರು ಛಾಯೆಯದು, ಹೆಣ್ಣಿನದು ಸ್ಲೇಟು ಬಣ್ಣದ್ದು. ಹಳದಿ ಕೊಕ್ಕು ಎರಡರಲ್ಲೂ ದೋಷವೇ.

ಬಿಬ್ ಕತ್ತಿನ ಮುಂಭಾಗದಿಂದ ಎದೆಯ ಮೇಲ್ಭಾಗದವರೆಗೆ ಒಂದೇ ತುಂಡಾಗಿ, ಎಡಬಲ ಸಮನಾಗಿ, ಅಂಚು ಚದುರದೆ ಇರಬೇಕು. ನಡುವೆ ನೀಲಿ ಗರಿ ಇಣುಕಬಾರದು. ಬಿಳಿ ಕತ್ತಿನ ಪಕ್ಕಕ್ಕೆ ಹರಿಯಬಾರದು, ಕೆನ್ನೆಗೆ ಏರಬಾರದು, ಹೊಟ್ಟೆಗೆ ಇಳಿಯಬಾರದು. ಇನ್ನು ರೆಕ್ಕೆ. ಬಾತಿನ ರೆಕ್ಕೆಯ ತುದಿಭಾಗದಲ್ಲಿ 10 ಉದ್ದನೆಯ ಹಾರುಗರಿಗಳಿರುತ್ತವೆ, ಪ್ರೈಮರಿ ಎಂದು ಕರೆಯುವುದು ಇವನ್ನೇ. ಅವುಗಳಲ್ಲಿ ತೀರಾ ಹೊರಗಿನ ಎರಡು ಬಿಳಿಯಾಗಿರಬೇಕು, ಉಳಿದ ಎಂಟು ನೀಲಿ. ರೆಕ್ಕೆ ಮಡಿಸಿದಾಗ ಈ ಬಿಳಿ ಬಹುತೇಕ ಮುಚ್ಚಿಹೋಗುತ್ತದೆ. ಹಾಗಾಗಿ ಹ್ಯಾಚರಿಯ ಚಿತ್ರದಲ್ಲಿ ನಿಂತಿರುವ ಬಾತು ಎಷ್ಟು ಚೆನ್ನಾಗಿ ಕಂಡರೂ ಅದರ ರೆಕ್ಕೆಯ ವಿಚಾರ ಆ ಚಿತ್ರದಿಂದ ತಿಳಿಯುವುದಿಲ್ಲ.

ಪೆಟ್ಟಿಗೆಯ ಲೆಕ್ಕ

ನೀಲಿ ಬಣ್ಣ ಈ ಬಾತಿನಲ್ಲಿ ಸ್ವತಂತ್ರ ಬಣ್ಣವಲ್ಲ. ಮೈಯೆಲ್ಲ ಕಪ್ಪಾಗಿಸುವ ಜೀನ್ ಮೊದಲೇ ಇದೆ. ಅದರ ಮೇಲೆ ನೀಲಿ ಜೀನಿನ ಒಂದು ಪ್ರತಿ ಬಂದರೆ ಕಪ್ಪು ವರ್ಣದ್ರವ್ಯ ತೆಳುವಾಗಿ ನೀಲಿಯಾಗುತ್ತದೆ. ಎರಡು ಪ್ರತಿ ಬಂದರೆ ಇನ್ನೂ ತೆಳುವಾಗಿ, ಬಿಳಿಯ ಮೇಲೆ ನಸುಬೂದು ಚೆಲ್ಲಿದ ಸಿಲ್ವರ್ ಅಥವಾ ಸ್ಪ್ಲ್ಯಾಶ್ ಬರುತ್ತದೆ. ಒಂದೂ ಬರದಿದ್ದರೆ ಕಪ್ಪು. ನೀಲಿಗೆ ನೀಲಿ ಜೋಡಿಸಿದರೆ ನೂರಕ್ಕೆ 50 ನೀಲಿ, 25 ಕಪ್ಪು, 25 ಸಿಲ್ವರ್. ನೀಲಿಗೆ ಕಪ್ಪು ಜೋಡಿಸಿದರೆ ಅರ್ಧ ನೀಲಿ, ಅರ್ಧ ಕಪ್ಪು. ನೀಲಿಗೆ ಸಿಲ್ವರ್ ಆದರೆ ಅರ್ಧ ನೀಲಿ, ಅರ್ಧ ಸಿಲ್ವರ್. ಕಪ್ಪಿಗೆ ಸಿಲ್ವರ್ ಜೋಡಿಸಿದಾಗ ಮಾತ್ರ ಹುಟ್ಟಿದ್ದೆಲ್ಲ ನೀಲಿ.

ಇಷ್ಟು ಗೊತ್ತಿದ್ದರೆ ಪಟ್ಟಿಯಲ್ಲಿರುವ ಮಾತುಗಳ ಅರ್ಥ ಬೇರೆಯಾಗಿ ಕಾಣುತ್ತದೆ. ‘ಬಣ್ಣದ ಖಾತರಿ ಇಲ್ಲ’ ಎಂದು ಬರೆದಿದ್ದರೆ ಅದು ಪ್ರಾಮಾಣಿಕ ಮಾತು: ಮಂದೆಯಲ್ಲಿ ನೀಲಿ ಗಂಡು, ನೀಲಿ ಹೆಣ್ಣು ಇವೆ, ಹುಟ್ಟಿದ ಮರಿಗಳನ್ನು ವಿಂಗಡಿಸದೆ ಕಳಿಸುತ್ತಾರೆ. ‘ನೀಲಿ ಮಾತ್ರ’ ಎಂದಿದ್ದರೆ ಎರಡರಲ್ಲಿ ಒಂದು. ಒಂದೋ ಹುಟ್ಟಿದ ದಿನ ವಿಂಗಡಿಸುತ್ತಾರೆ, ಇಲ್ಲವೇ ಕಪ್ಪಿಗೆ ಸಿಲ್ವರ್ ಜೋಡಿಸಿದ ಮಂದೆ ಇಟ್ಟಿದ್ದಾರೆ. ‘ನಮ್ಮ ನೀಲಿ ಬಾತುಗಳು ನೀಲಿಯನ್ನೇ ಹುಟ್ಟಿಸುತ್ತವೆ’ ಎಂದು ಬರೆದವರಿಂದ ಮಾತ್ರ ಏನನ್ನೂ ಕೊಳ್ಳಬೇಡಿ. ಅವರಿಗೆ ತಾವು ಮಾರುವ ಹಕ್ಕಿಯೇ ಗೊತ್ತಿಲ್ಲ.

ವಿಂಗಡಿಸದ ಹನ್ನೆರಡು ಮರಿಗಳಲ್ಲಿ ಸರಾಸರಿ ಆರು ನೀಲಿ ಎಂದರೂ, ಕರಾರುವಾಕ್ಕಾಗಿ ಆರೇ ಬರುವ ಸಾಧ್ಯತೆ ಶೇ 23ರಷ್ಟು ಮಾತ್ರ. ಮೂರು ಅಥವಾ ಅದಕ್ಕೂ ಕಡಿಮೆ ನೀಲಿ ಬರುವ ಸಾಧ್ಯತೆ ಶೇ 7. ಅಂದರೆ ಹದಿನಾಲ್ಕು ಪೆಟ್ಟಿಗೆಗೆ ಒಂದರಲ್ಲಿ ಹೀಗಾಗುವುದು ಸಹಜ, ಅದು ಹ್ಯಾಚರಿಯ ತಪ್ಪಲ್ಲ. ಲಿಂಗವನ್ನೂ ವಿಂಗಡಿಸದ ಮರಿ ಕೊಂಡು ಒಂದು ನೀಲಿ ಗಂಡು, ಒಂದು ನೀಲಿ ಹೆಣ್ಣು ಬೇಕೆಂದರೆ ಆರು ಮರಿಯ ಪೆಟ್ಟಿಗೆಯಲ್ಲಿ ಆ ಜೋಡಿ ಸಿಗುವ ಸಾಧ್ಯತೆ ಶೇ 66, ಹನ್ನೆರಡರಲ್ಲಿ ಶೇ 94. ಆರು ಕೊಂಡು ನಿರಾಶರಾಗುವ ಮೂವರಲ್ಲಿ ಒಬ್ಬರಿಗೆ ಇದೇ ಉತ್ತರ: ಪೆಟ್ಟಿಗೆ ಚಿಕ್ಕದಾಯಿತು. ಈ ತಳಿಯಲ್ಲಿ ಬಣ್ಣ ನೋಡಿ ಗಂಡು ಹೆಣ್ಣು ಹೇಳಲಾಗುವುದಿಲ್ಲ ಎಂಬುದೂ ನೆನಪಿರಲಿ. ಮೊದಲ ದಿನ ಲಿಂಗ ವಿಂಗಡಿಸಬೇಕಾದರೆ ಗುದದ್ವಾರ ಪರೀಕ್ಷೆಯೇ ದಾರಿ, ಅದನ್ನು ಪಳಗಿದ ಕೈಯೇ ಮಾಡಬೇಕು.

ಬಿಬ್‌ಗೂ ಇಂಥದ್ದೇ ಲೆಕ್ಕ ಇದೆ. ಬಿಬ್ ಪ್ರಬಲ ಗುಣ, ಒಂದು ಪ್ರತಿ ಇದ್ದರೂ ಮೈಮೇಲೆ ಕಾಣುತ್ತದೆ. ತಂದೆ ತಾಯಿ ಇಬ್ಬರಲ್ಲೂ ಒಂದೊಂದೇ ಪ್ರತಿ ಇದ್ದರೆ ಇಬ್ಬರಿಗೂ ಬಿಬ್ ಇದ್ದು, ಮರಿಗಳಲ್ಲಿ ನಾಲ್ಕಕ್ಕೆ ಒಂದು ಬಿಬ್ ಇಲ್ಲದೆ ಹುಟ್ಟುತ್ತದೆ. ಹನ್ನೆರಡರಲ್ಲಿ ಒಂದು ಮರಿಗೆ ಬಿಬ್ ಇಲ್ಲದಿದ್ದರೆ ಸುಮ್ಮನಿರಬಹುದು. ಮೂರು ನಾಲ್ಕಕ್ಕೆ ಇಲ್ಲದಿದ್ದರೆ ಆ ಹ್ಯಾಚರಿ ತನ್ನ ತಾಯಿಮಂದೆಗೆ ಆಯ್ಕೆ ಮಾಡುತ್ತಿಲ್ಲ ಅಥವಾ ಇತ್ತೀಚೆಗೆ ಬೇರೆ ತಳಿಯ ರಕ್ತ ಬಂದಿದೆ ಎಂದೇ ತಿಳಿಯಬೇಕು. ಬಣ್ಣ ಮೂರು ಬಗೆ ಬಂದದ್ದಕ್ಕೆ ನಕ್ಷತ್ರ ಕಡಿಮೆ ಮಾಡಬೇಡಿ, ಇದಕ್ಕೆ ಮಾಡಿ.

ಮೊದಲ ದಿನ ಏನು ಗೊತ್ತಾಗುತ್ತದೆ

ಸ್ವೀಡಿಷ್ ಮರಿಗಳ ದೊಡ್ಡ ಅನುಕೂಲ ಇದು: ಬಣ್ಣದ ಮುಖ್ಯ ವಿಂಗಡಣೆ ಹುಟ್ಟಿದ ದಿನವೇ ಆಗುತ್ತದೆ. ನೀಲಿಯಾಗುವ ಮರಿಯ ತುಪ್ಪಳ ಬೂದು-ನೀಲಿ, ಬಿಬ್ ಬರುವ ಜಾಗ ಹಳದಿ. ಕಪ್ಪಾಗುವ ಮರಿ ಕಪ್ಪು, ಅದಕ್ಕೂ ಎದೆಯಲ್ಲಿ ಹಳದಿ. ಸಿಲ್ವರ್ ಮರಿ ಮಾಸಲು ಹಳದಿಯ ಮೇಲೆ ನಸುಬೂದು. ಒದ್ದೆ ಮರಿಯಲ್ಲಿ ನೋಡಬೇಡಿ, ತುಪ್ಪಳ ಪೂರ್ತಿ ಒಣಗಿ ಉಬ್ಬಿದ ಮೇಲೆ ನೋಡಿ. ಒದ್ದೆಯಲ್ಲಿ ನೀಲಿ ಕಪ್ಪಾಗಿಯೇ ಕಾಣುತ್ತದೆ. ಅನುಮಾನವಿರುವ ಮರಿಯನ್ನು ಖಚಿತವಾಗಿ ಕಪ್ಪಾಗಿರುವ ಮರಿಯ ಪಕ್ಕ ಹಿಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇಷ್ಟು ಸುಲಭವಾಗಿ ವಿಂಗಡಿಸಬಹುದಾದ್ದರಿಂದ, ನೀಲಿ ಮರಿಯ ಬೆಲೆ ತೆಗೆದುಕೊಂಡು ಮೂರೂ ಬಣ್ಣ ಕಳಿಸುವ ಹ್ಯಾಚರಿಗೆ ಕ್ಷಮೆ ಇಲ್ಲ. ಮಿಶ್ರ ಬೆಲೆಗೆ ಮಿಶ್ರ ಮರಿ ಕೊಡುವುದು ನ್ಯಾಯ. ಇವೆರಡನ್ನೂ ಒಂದೇ ಎಂದು ಬರೆಯುವ ವಿಮರ್ಶೆಗಳು ಒಳ್ಳೆಯ ಹ್ಯಾಚರಿಗಳಿಗೆ ಅನ್ಯಾಯ ಮಾಡುತ್ತಿವೆ.

ಪೆಟ್ಟಿಗೆಯಲ್ಲಿ ಅಚ್ಚ ಹಳದಿ ತುಪ್ಪಳ, ಕಿತ್ತಳೆ ಕೊಕ್ಕು, ಕಿತ್ತಳೆ ಕಾಲಿನ ಮರಿ ಬಂದರೆ ಅದು ಸಿಲ್ವರ್ ಅಲ್ಲ. ಸಿಲ್ವರ್ ಮರಿಯ ಕೊಕ್ಕು ಕಾಲುಗಳಲ್ಲಿ ಬೂದು ಇರುತ್ತದೆ. ಪೂರ್ತಿ ಹಳದಿ ಮರಿ ಬಿಳಿಯಾಗಿ ಬೆಳೆಯುತ್ತದೆ. ಮಂದೆಯಲ್ಲಿ ಎಲ್ಲೋ ಪೆಕಿನ್‌ನಂಥ ಬಿಳಿ ಬಾತಿನ ರಕ್ತ ಅಡಗಿದೆ, ಅಥವಾ ಪ್ಯಾಕ್ ಮಾಡುವಾಗ ಬೇರೆ ತಳಿಯ ಮರಿ ಸೇರಿದೆ. ಮುಖದ ಮೇಲೆ ಕಣ್ಣಿನ ಮೂಲಕ ಕಡು ಗೆರೆ, ಬೆನ್ನಿನಲ್ಲಿ ಹಳದಿ ಚುಕ್ಕೆಗಳಿರುವ ಮರಿ ಕಾಡುಬಾತಿನ ವಿನ್ಯಾಸದ್ದು. ಇದೂ ಬೇರೆಯೇ. ಚಿತ್ರ ತೆಗೆದು ಆ ದಿನವೇ ಹ್ಯಾಚರಿಗೆ ಕಳಿಸಿ, ಗರಿ ಬಂದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಮೊದಲ ದಿನ ಬಿಬ್‌ನ ಹಳದಿ ಮಚ್ಚೆ ಇದೆಯೇ ಇಲ್ಲವೇ, ನಡುವಿನಲ್ಲಿದೆಯೇ, ಗಲ್ಲದವರೆಗೆ ಹರಡಿದೆಯೇ ಎಂದು ನೋಡಬಹುದು. ಅಂಚು ಎಷ್ಟು ಕಡಿದಾಗಿ ನಿಲ್ಲುತ್ತದೆ ಎಂಬುದನ್ನು ಗರಿ ಬರುವ ಮೊದಲು ಹೇಳಲಾಗದು. ಲೇಸಿಂಗ್ ಬಗ್ಗೆ, ಬಣ್ಣದ ಸಮತೆ ಬಗ್ಗೆ ತುಪ್ಪಳ ಏನೂ ಹೇಳುವುದಿಲ್ಲ. ಆದ್ದರಿಂದ ದಿನದ ಮರಿಯನ್ನು ‘ಪ್ರದರ್ಶನ ಗುಣಮಟ್ಟ’ ಎಂದು ಹೆಚ್ಚು ಬೆಲೆಗೆ ಮಾರುವುದು ಒಪ್ಪತಕ್ಕದ್ದಲ್ಲ. ತಂದೆತಾಯಿ ಪ್ರದರ್ಶನದಲ್ಲಿ ಗೆದ್ದವು ಎನ್ನಬಹುದು, ಅದಕ್ಕಿಂತ ಹೆಚ್ಚಿನದು ಮಾತಷ್ಟೇ.

ಗರಿ ಬಂದ ಮೇಲೆ

ಏಳರಿಂದ ಒಂಬತ್ತು ವಾರಕ್ಕೆ ಮೊದಲ ಗರಿ ಮೈ ತುಂಬುತ್ತದೆ. ರೆಕ್ಕೆಯ ಹಾರುಗರಿಗಳು ಕೊನೆಗೆ ಬರುತ್ತವೆ. ಅವು ಕೊಳವೆಯಿಂದ ಬಿಚ್ಚಿಕೊಂಡ ಕೂಡಲೇ ಬಿಳಿ ಎಷ್ಟಿದೆ ಎಂದು ಎಣಿಸಬಹುದು, ಇದಕ್ಕೆ ಮುಂದಿನ ಗರಿ ಕಾಯಬೇಕಿಲ್ಲ. ಆದರೆ ಮೈಬಣ್ಣದ ಬಗ್ಗೆ ಈಗಲೇ ತೀರ್ಪು ಕೊಡಬೇಡಿ. ಎಳೆಗರಿ ಮಂಕಾಗಿಯೂ, ಸ್ವಲ್ಪ ಕಂದಾಗಿಯೂ ಇರುತ್ತದೆ. ಅದು ಉದುರಿ ಹನ್ನೆರಡರಿಂದ ಹದಿನಾರನೆಯ ವಾರದ ಹೊತ್ತಿಗೆ ಬೆಳೆದ ಹಕ್ಕಿಯ ಗರಿ ಬರುತ್ತದೆ. ಗಂಡಿನ ಬಾಲದ ಮೇಲೆ ಸುರುಳಿ ಗರಿ ಏಳುವುದೂ ಸುಮಾರು ಆಗಲೇ. ಬಣ್ಣದ ನಿಜವಾದ ಪರೀಕ್ಷೆ ಇಲ್ಲಿಂದ ಮುಂದೆ. ಎಂಟನೆಯ ವಾರಕ್ಕೆ ‘ಬಣ್ಣ ಚೆನ್ನಾಗಿಲ್ಲ’ ಎಂದು ಬಾತುಗಳನ್ನು ಮಾರಿಬಿಡುವವರು ಮಂದೆಯ ಉತ್ತಮ ಹೆಣ್ಣುಗಳನ್ನೇ ಕಳೆದುಕೊಳ್ಳುತ್ತಾರೆ.

ಪರೀಕ್ಷೆಗೆ ಹಕ್ಕಿ ಒಣಗಿ, ಸ್ವಚ್ಛವಾಗಿರಬೇಕು. ಎರಡು ಮೂರು ದಿನ ಮೊದಲೇ ಕೆಸರಿನಿಂದ ಬೇರೆ ಮಾಡಿ, ಒಣ ಹುಲ್ಲಿನ ಹಾಸು, ಮುಳುಗಿ ಮೀಯಲು ತಿಳಿನೀರು ಕೊಟ್ಟರೆ ಸಾಕು, ಬಾತು ತಾನೇ ಎಣ್ಣೆ ಸವರಿಕೊಂಡು ಗರಿ ಒಪ್ಪ ಮಾಡಿಕೊಳ್ಳುತ್ತದೆ. ಸೋಪು ಹಾಕಿ ಉಜ್ಜಿದರೆ ಎಣ್ಣೆ ಹೋಗಿ ಗರಿ ಸೀಳುತ್ತದೆ, ಲೇಸಿಂಗ್ ಕಾಣದಂತಾಗುತ್ತದೆ. ಬೆಳಕು ಬಯಲಿನ ನೆರಳಿನದಾಗಿರಲಿ. ನೇರ ಬಿಸಿಲಿನಲ್ಲಿ ನೀಲಿ ಬೆಳ್ಳಗೆ ತೇಲುತ್ತದೆ, ಹಳದಿ ಬಲ್ಬಿನ ಕೆಳಗೆ ಕಂದಾಗಿ ತೋರುತ್ತದೆ. ಕೊಟ್ಟಿಗೆಯೊಳಗೆ ಸಂಜೆ ತೆಗೆದ ಚಿತ್ರ ನೋಡಿ ಬಣ್ಣ ಒಪ್ಪುವುದೂ ಬೇಡ, ತಿರಸ್ಕರಿಸುವುದೂ ಬೇಡ.

ಹಿಡಿಯುವಾಗ ಕಾಲು ಹಿಡಿದು ಎತ್ತಬಾರದು, ಬಾತಿನ ಕಾಲಿನ ಕೀಲು ಬೇಗ ಉಳುಕುತ್ತದೆ. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ. ಮೊದಲು ಎರಡು ಮೀಟರ್ ದೂರದಿಂದ ಹಕ್ಕಿ ನಡೆಯುವಾಗಲೇ ನೋಡಿ: ಮೈಯಲ್ಲಿ ಎಲ್ಲಾದರೂ ಬಣ್ಣ ಹಠಾತ್ತಾಗಿ ಬದಲಾಗುತ್ತದೆಯೇ? ಸಮತೆ ದೂರದಿಂದಲೇ ಚೆನ್ನಾಗಿ ಕಾಣುತ್ತದೆ. ಹತ್ತಿರದಿಂದ ನೋಡಿದವರ ಕಣ್ಣು ಲೇಸಿಂಗ್‌ಗೆ ಸಿಕ್ಕಿಕೊಂಡು ಇದನ್ನು ಮರೆಯುತ್ತದೆ. ಆಮೇಲೆ ಕೈಗೆ ತೆಗೆದುಕೊಂಡು ಬಿಬ್‌ನ ಎರಡೂ ಪಕ್ಕ, ಗಲ್ಲದ ಕೆಳಗೆ, ಹೊಟ್ಟೆ ನೋಡಿ. ಬಿಬ್ ಮಾಸಲಾಗಿದ್ದರೆ ಗರಿ ಎತ್ತಿ ಬುಡ ನೋಡಬೇಕು. ಬುಡ ಬಿಳಿಯಾಗಿದ್ದರೆ ಅದು ಕೆಸರು ಅಥವಾ ಕಬ್ಬಿಣದ ನೀರಿನ ಕಲೆ.

ನಂತರ ರೆಕ್ಕೆ. ಒಂದನ್ನೇ ನೋಡಿ ಬಿಡಬಾರದು. ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಬಿಳಿ ಗರಿ ಇರುವ ಬಾತುಗಳು ಹ್ಯಾಚರಿ ಮಂದೆಗಳಲ್ಲಿ ಧಾರಾಳ. ಎಣಿಕೆ ತೀರಾ ಹೊರಗಿನ ಗರಿಯಿಂದ ಒಳಕ್ಕೆ ಸಾಗಲಿ. ಬಿಳಿ ಗರಿಗಳು ಒಂದರ ಪಕ್ಕ ಒಂದಿರಬೇಕು. ನಡುವೆ ನೀಲಿ ಬಿಟ್ಟು ಮತ್ತೆ ಬಿಳಿ ಬಂದಿದ್ದರೆ ಅಥವಾ ಗರಿಯ ಅರ್ಧ ಮಾತ್ರ ಬಿಳಿಯಾಗಿದ್ದರೆ ಅದೂ ದೋಷ. ರೆಕ್ಕೆಯ ತುದಿ ಹೊರಕ್ಕೆ ತಿರುಗಿ ನಿಂತಿದ್ದರೆ ಅದು ಏಂಜೆಲ್ ವಿಂಗ್, ಬಣ್ಣದ ದೋಷವಲ್ಲ. ಎಳವೆಯಲ್ಲಿ ಅತಿ ಪೌಷ್ಟಿಕ ಆಹಾರ ಕೊಟ್ಟು ವೇಗವಾಗಿ ಬೆಳೆಸಿದಾಗ ಇದು ಹೆಚ್ಚು. ಮೊದಲ ಎರಡು ಮೂರು ವಾರ ಶೇ 20ರ ಆಸುಪಾಸು ಪ್ರೋಟೀನ್, ಆಮೇಲೆ ಶೇ 16ಕ್ಕೆ ಇಳಿಸಿ ಓಡಾಡಲು ಜಾಗ ಕೊಟ್ಟರೆ ಬಹುಮಟ್ಟಿಗೆ ತಪ್ಪುತ್ತದೆ.

ಬಿಬ್ ಇದ್ದು, ಹತ್ತೂ ಹಾರುಗರಿ ನೀಲಿಯಾಗಿರುವ ಹಕ್ಕಿಯ ಬಗ್ಗೆ ಒಂದು ಮಾತು. ಬಿಬ್ ಪ್ರಬಲ ಗುಣ, ಬಿಳಿ ಹಾರುಗರಿ ಹಾಗಲ್ಲ. ಅದು ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು. ಸ್ವೀಡಿಷ್‌ಗೆ ಮೈಯೆಲ್ಲ ಕಪ್ಪಾದ ಕಯುಗದಂಥ ತಳಿಯನ್ನು ಒಮ್ಮೆ ಅಡ್ಡಹಾಯಿಸಿದರೆ ಮೊದಲ ತಲೆಮಾರಿನಲ್ಲಿ ಬಿಬ್ ಉಳಿದು ರೆಕ್ಕೆಯ ಬಿಳಿ ಸಾಮಾನ್ಯವಾಗಿ ಕಾಣೆಯಾಗುತ್ತದೆ. ಮೇಲ್ನೋಟಕ್ಕೆ ಹಕ್ಕಿ ಪಕ್ಕಾ ಸ್ವೀಡಿಷ್. ಪೆಟ್ಟಿಗೆಯ ಹೆಚ್ಚಿನ ಮರಿಗಳು ಹೀಗಾದರೆ ಹ್ಯಾಚರಿಯ ತಾಯಿಮಂದೆ ಶುದ್ಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಮಂದೆಯನ್ನು ತೂಗಲು ನಮಗೆ ಒಂದೇ ಒಂದು ಅಳತೆ ಆರಿಸಿಕೊಳ್ಳಲು ಹೇಳಿದರೆ ಇದನ್ನೇ ಆರಿಸುತ್ತೇವೆ.

ಎಲ್ಲಿ ಕೆಡುತ್ತದೆ

ಹ್ಯಾಚರಿಯ ಬ್ಲೂ ಸ್ವೀಡಿಷ್‌ಗಳಲ್ಲಿ ಹೆಚ್ಚು ಕಾಣುವ ದೂರು ಕಂದು. ಇದು ಮೂರು ಕಾರಣಗಳಿಂದ ಬರುತ್ತದೆ, ಮೂರನ್ನೂ ಬೇರೆ ಮಾಡಿ ನೋಡದಿದ್ದರೆ ಒಳ್ಳೆಯ ಹಕ್ಕಿಯೂ ತಿರಸ್ಕಾರಕ್ಕೆ ಗುರಿಯಾಗುತ್ತದೆ. ಮೊದಲನೆಯದು ಬಿಸಿಲು. ಹಳೆಯ ಗರಿಯ ತುದಿ, ಬಾಲ, ರೆಕ್ಕೆಯ ಮೇಲ್ಗರಿಗಳು ಬಿಸಿಲಿಗೆ ಬೆಂದು ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಪಕ್ಕದ ಗರಿ ಮುಚ್ಚಿರುವ ಭಾಗವನ್ನು ಎತ್ತಿ ನೋಡಿ. ಅಲ್ಲಿ ಅಚ್ಚ ನೀಲಿ ಇದ್ದರೆ ಇದು ಬಿಸಿಲಿನ ಕೆಲಸ, ಗರಿ ಉದುರಿ ಹೊಸದು ಬಂದಾಗ ಹೋಗುತ್ತದೆ. ಎರಡನೆಯದು ಕಾಡುಬಾತಿನ ವಿನ್ಯಾಸ ಕೆಳಗಿನಿಂದ ಇಣುಕುವುದು. ಮೈಯೆಲ್ಲ ಕಪ್ಪಾಗಿಸುವ ಜೀನ್ ಒಂದೇ ಪ್ರತಿಯಲ್ಲಿದ್ದಾಗ ಅದು ಪೂರ್ತಿ ಮುಚ್ಚಲಾರದೆ ಹೋಗುತ್ತದೆ. ಗಂಡಿನ ಎದೆಯಲ್ಲಿ ಕಂದುಗೆಂಪು ಛಾಯೆ, ಕತ್ತಿನ ಸುತ್ತ ಬಿಳಿ ಉಂಗುರದ ಕುರುಹು, ಹೆಣ್ಣಿನ ಕಣ್ಣಿನ ಮೇಲೆ ಕೆಳಗೆ ತಿಳಿ ಗೆರೆ, ರೆಕ್ಕೆಯಲ್ಲಿ ಬಿಳಿ ಅಂಚಿನ ಹೊಳೆಯುವ ಪಟ್ಟಿ, ಗರಿಯ ನಡುವೆ ಕಂದು ಚಿತ್ತಾರ: ಇವು ಅದರ ಗುರುತು. ಇಂಥ ಹಕ್ಕಿ ಬೆರಕೆ. ಎಷ್ಟು ಸಲ ಗರಿ ಬದಲಾದರೂ ಸರಿಹೋಗುವುದಿಲ್ಲ, ಅದನ್ನು ಮೊಟ್ಟೆಗೆ ಇಟ್ಟುಕೊಳ್ಳಿ, ಮರಿಗೆ ಬೇಡ.

ಮೂರನೆಯದು ಖಾಕಿ ಕ್ಯಾಂಪ್‌ಬೆಲ್ ಮುಂತಾದ ತಳಿಗಳಲ್ಲಿರುವ ಕಂದು ಜೀನ್. ಮೂರರಲ್ಲಿ ಹೆಚ್ಚು ತಲೆನೋವು ಇದರದೇ. ಇದು ಲಿಂಗಕ್ಕೆ ಹೊಂದಿಕೊಂಡದ್ದು ಮತ್ತು ಅಡಗುವಂಥದ್ದು. ಹೆಣ್ಣಿಗೆ ಒಂದು ಪ್ರತಿ ಸಾಕು, ಗಂಡಿಗೆ ಎರಡು ಬೇಕು. ಒಂದು ಪ್ರತಿ ಹೊತ್ತ ಗಂಡು ನೋಡಲು ನಿರ್ದೋಷ ನೀಲಿ. ಶುದ್ಧ ನೀಲಿ ಹೆಣ್ಣುಗಳ ಜೊತೆ ಬಿಟ್ಟರೆ ಅದರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಕಂದು ಬೆರೆತ ಮಂಕು ಬಣ್ಣದವು ಹುಟ್ಟುತ್ತವೆ, ಗಂಡುಮಕ್ಕಳೆಲ್ಲ ಸರಿಯಾಗಿಯೇ ಕಾಣುತ್ತವೆ. ಮಂದೆಯಲ್ಲಿ ಹೆಣ್ಣುಗಳಲ್ಲಿ ಮಾತ್ರ ಕಂದು ಮತ್ತೆ ಮತ್ತೆ ಬರುತ್ತಿದ್ದರೆ ಹೆಣ್ಣುಗಳನ್ನು ತೆಗೆಯುತ್ತಾ ಕೂರುವುದರಿಂದ ಉಪಯೋಗವಿಲ್ಲ, ಗಂಡನ್ನು ಬದಲಾಯಿಸಬೇಕು.

ಕಪ್ಪು ಚುಕ್ಕೆಗಳು ನೀಲಿ ಹಕ್ಕಿಗೆ ಸಹಜವಾದ ತೊಂದರೆ. ನೀಲಿ ಜೀನ್ ಒಂದೇ ಪ್ರತಿಯಲ್ಲಿರುವ ಹಕ್ಕಿಯ ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಗರಿ ಅಥವಾ ಕಪ್ಪು ಹನಿ ಮೂಡುತ್ತದೆ. ನಾಲ್ಕೈದು ಚುಕ್ಕೆಗಾಗಿ ಒಳ್ಳೆಯ ಬಿಬ್, ಒಳ್ಳೆಯ ರೆಕ್ಕೆ ಇರುವ ಹೆಣ್ಣನ್ನು ಬಿಡಬಾರದು. ಎದೆ ಬೆನ್ನು ತುಂಬಾ ಚೆಲ್ಲಿದ್ದರೆ ಬೇರೆ ಮಾತು.

ವಯಸ್ಸಾದ ಹೆಣ್ಣುಗಳಲ್ಲಿ ಅಲ್ಲಲ್ಲಿ ಬಿಳಿ ಗರಿ ಬರುವುದುಂಟು. ಮೈಯೆಲ್ಲ ಕಪ್ಪಾಗಿಸುವ ಜೀನ್ ಇರುವ ತಳಿಗಳಲ್ಲಿ ಇದು ಸಾಮಾನ್ಯ, ಕಯುಗದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮೂರು ವರ್ಷದ ಹೆಣ್ಣಿನ ಬಣ್ಣ ತೂಗುವಾಗ ಅದರ ಮೊದಲ ವರ್ಷದ ಚಿತ್ರ ಕೇಳಿ. ಕಚ್ಚಾಟದಲ್ಲಿ ಗರಿ ಕಿತ್ತು ಬುಡಕ್ಕೆ ಗಾಯವಾದ ಜಾಗದಲ್ಲೂ ಬಿಳಿ ಗರಿ ಹುಟ್ಟಬಹುದು. ಒಂದೇ ಕಡೆ, ಒಂಟಿಯಾಗಿ ಇರುವುದರಿಂದ ಅದನ್ನು ಗುರುತಿಸಬಹುದು.

ಗಂಡಿನ ತಲೆಯ ಹೊಳಪನ್ನು ಸಂತಾನಕಾಲ ಮುಗಿದ ಬೇಸಿಗೆಯಲ್ಲಿ ಅಳೆಯಬೇಡಿ. ಆಗ ಗಂಡು ಬಾತು ಗರಿ ಉದುರಿಸಿ ಮಂಕು ಗರಿ ತೊಡುತ್ತದೆ. ಕಾಡುಬಾತಿನ ಬಣ್ಣದ ತಳಿಗಳಲ್ಲಿ ಇದು ಎದ್ದು ಕಾಣುತ್ತದೆ, ಸ್ವೀಡಿಷ್‌ನಲ್ಲಿ ತಲೆ ಮೈಯ ಬಣ್ಣಕ್ಕೆ ಹತ್ತಿರವಾಗಿ ಹೊಳಪು ಕಳೆದುಕೊಳ್ಳುವಷ್ಟೇ ಆಗುತ್ತದೆ. ಗೊತ್ತಿಲ್ಲದವರು ಇದನ್ನೇ ದೋಷ ಎಂದುಕೊಳ್ಳುತ್ತಾರೆ. ಶರತ್ಕಾಲದ ಹೊಸ ಗರಿ ಬಂದ ಮೇಲೆ ನೋಡಿ. ಮೊಟ್ಟೆ ಇಡುವ ಹೆಣ್ಣಿನ ಕಾಲು ಕೊಕ್ಕಿನ ಬಣ್ಣವೂ ಆ ದಿನಗಳಲ್ಲಿ ತಿಳಿಯಾಗುವುದುಂಟು.

ಯಾವ ರೂಪದಲ್ಲಿ ಕೊಳ್ಳಬೇಕು

ಕೆರೆಯಲ್ಲಿ ಚೆಂದ ಕಾಣಬೇಕು, ಮೊಟ್ಟೆ ಕೊಡಬೇಕು ಎಂಬುದಷ್ಟೇ ಉದ್ದೇಶವಾದರೆ ವಿಂಗಡಿಸದ ಮಿಶ್ರ ಮರಿಗಳೇ ಒಳ್ಳೆಯ ಖರೀದಿ. ಇವಕ್ಕೆ ನಾವು ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇವೆ. ಕಪ್ಪು ಮತ್ತು ಸಿಲ್ವರ್ ಮರಿಗಳು ಆರೋಗ್ಯದಲ್ಲಿ, ಮೊಟ್ಟೆಯಲ್ಲಿ ನೀಲಿಗಿಂತ ಹಿಂದಿಲ್ಲ. ಇನ್ನೊಂದು ವಿಷಯ ಕೊಳ್ಳುವವರಿಗೆ ಹೊಳೆಯುವುದೇ ಇಲ್ಲ: ಅದೇ ಪೆಟ್ಟಿಗೆಯ ಕಪ್ಪು ಗಂಡು, ಸಿಲ್ವರ್ ಹೆಣ್ಣುಗಳನ್ನು ಉಳಿಸಿಕೊಂಡರೆ ಮುಂದಿನ ವರ್ಷ ಹುಟ್ಟುವ ಮರಿಗಳೆಲ್ಲ ನೀಲಿ. ಮಿಶ್ರ ಪೆಟ್ಟಿಗೆಯನ್ನು ಶಪಿಸಿ ಕಪ್ಪು ಮರಿಗಳನ್ನು ಯಾರಿಗೋ ಕೊಟ್ಟುಬಿಡುವವರು ತಮ್ಮ ಮುಂದಿನ ಮಂದೆಯನ್ನೇ ಕೊಟ್ಟ ಹಾಗೆ.

ಆದರೆ ಒಂದು ಎಚ್ಚರಿಕೆ. ಸಿಲ್ವರ್ ಹಕ್ಕಿಯಲ್ಲಿ ಮೈಯೇ ಬಹುತೇಕ ಬಿಳಿಯಾದ್ದರಿಂದ ಬಿಬ್ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ರೆಕ್ಕೆಯ ಬಿಳಿ ಗರಿಗಳ ಎಣಿಕೆಯೂ ಅಲ್ಲಿ ಅಷ್ಟೇ ಕಷ್ಟ. ಹಾಗಾಗಿ ಕಪ್ಪಿಗೆ ಸಿಲ್ವರ್ ಜೋಡಿಸುವಾಗ ಕಪ್ಪು ಹಕ್ಕಿಯ ಬಿಬ್, ರೆಕ್ಕೆಗಳಲ್ಲಿ ಯಾವ ರಿಯಾಯಿತಿಯೂ ಬೇಡ. ಸಿಲ್ವರ್ ಕಡೆಯ ಗುಣ ತಿಳಿಯುವುದು ಮರಿಗಳಿಗೆ ಗರಿ ಬಂದ ಮೇಲೆಯೇ. ನೀಲಿಗೆ ನೀಲಿಯನ್ನೇ ತಲೆಮಾರುಗಟ್ಟಲೆ ಜೋಡಿಸುತ್ತ ಹೋದ ಮಂದೆಗಳಲ್ಲಿ ಬಣ್ಣ ತಿಳಿಯಾಗಿ ಲೇಸಿಂಗ್ ಮಸುಕಾಗುವುದನ್ನು ಕಾಣಬಹುದು. ಆಗ ಚೊಕ್ಕ ಕಪ್ಪು ಹಕ್ಕಿಯೊಂದನ್ನು ತಂದರೆ ನೀಲಿ ಮತ್ತೆ ಕಡುವಾಗುತ್ತದೆ.

ನೀಲಿಯನ್ನೇ ವಿಂಗಡಿಸಿ ಕೊಡುವ ಮರಿಗಳಿಗೆ ಮೂರು. ಹೆಚ್ಚಿನ ಬೆಲೆ ವಿಂಗಡಣೆಯ ಶ್ರಮಕ್ಕೆ ಮಾತ್ರ ಸಲ್ಲುತ್ತದೆ. ಬಿಬ್, ರೆಕ್ಕೆ, ಲೇಸಿಂಗ್ ಮಿಶ್ರ ಪೆಟ್ಟಿಗೆಯ ಮರಿಗಳಷ್ಟೇ ಅನಿಶ್ಚಿತ. ಮರಿಮಾಡುವ ಮೊಟ್ಟೆಗಳಿಗೂ ಮೂರು. ಕಾವು 28 ದಿನ, ಬಣ್ಣದ ಲೆಕ್ಕ ಮರಿಗಳದ್ದೇ, ಅದರ ಮೇಲೆ ಅಂಚೆಯಲ್ಲಿ ಕುಲುಕಿ ಹಾಳಾಗುವ ಮೊಟ್ಟೆಗಳ ನಷ್ಟ ಬೇರೆ. ಚಿಪ್ಪಿನ ಬಣ್ಣಕ್ಕೂ ಮರಿಯ ಬಣ್ಣಕ್ಕೂ ಸಂಬಂಧವಿಲ್ಲ. ಹಸಿರು ಛಾಯೆಯ ಮೊಟ್ಟೆಯಿಂದ ಒಳ್ಳೆಯ ನೀಲಿ ಬರುತ್ತದೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಪ್ರದರ್ಶನಕ್ಕೆ ನಿಲ್ಲಿಸಬೇಕೆಂದರೆ, ಅಥವಾ ತಾಯಿಮಂದೆ ಕಟ್ಟಬೇಕೆಂದರೆ ಹ್ಯಾಚರಿ ಬಿಟ್ಟು ತಳಿಗಾರರಿಂದ ಹದಿನಾರು ವಾರ ದಾಟಿದ ಹಕ್ಕಿಗಳನ್ನೇ ಕೊಳ್ಳಿ. ಬೆಲೆ ಹೆಚ್ಚು, ಆದರೆ ಕೊಳ್ಳುತ್ತಿರುವ ಬಣ್ಣ ಕಣ್ಣೆದುರಿಗೇ ಇರುತ್ತದೆ. ಮುಂಗಡ ಕೊಡುವ ಮೊದಲು ನಾಲ್ಕು ಚಿತ್ರ ಕೇಳಿ: ಬಯಲಿನ ನೆರಳಿನಲ್ಲಿ ಪಕ್ಕದಿಂದ ಪೂರ್ತಿ ಹಕ್ಕಿ, ಮುಂದಿನಿಂದ ಬಿಬ್, ಪೂರ್ತಿ ಬಿಡಿಸಿದ ಎಡ ರೆಕ್ಕೆ, ಪೂರ್ತಿ ಬಿಡಿಸಿದ ಬಲ ರೆಕ್ಕೆ. ತಂದೆತಾಯಿಯ ಬಣ್ಣ ಯಾವುದು, ಕಳೆದ ವರ್ಷದ ಮರಿಗಳಲ್ಲಿ ಬಿಬ್ ಇಲ್ಲದವು ಬಂದವೇ, ಹೆಣ್ಣುಗಳಲ್ಲಿ ಕಂದು ಕಂಡಿತೇ ಎಂದೂ ಕೇಳಿ. ತನ್ನ ಮಂದೆಯನ್ನು ಬಲ್ಲ ತಳಿಗಾರ ಇದಕ್ಕೆಲ್ಲ ಬೇಸರವಿಲ್ಲದೆ, ಕೆಲವಕ್ಕೆ ‘ಹೌದು, ಬಂದವು’ ಎಂದೂ ಉತ್ತರಿಸುತ್ತಾನೆ. ಹಾರಿಹೋಗದಂತೆ ಹಾರುಗರಿ ಕತ್ತರಿಸಿದ ಹಕ್ಕಿಯನ್ನು ತೋರಿಸಿದರೆ ಆತುರಪಡಬೇಡಿ. ಕತ್ತರಿಸಿದ ಗರಿ ಮತ್ತೆ ಬರುವುದು ಮುಂದಿನ ಗರಿ ಉದುರುವಿಕೆಯಲ್ಲಿ. ಅಲ್ಲಿಯವರೆಗೆ ಆ ಹಕ್ಕಿಗೆ ಕೆರೆಬಾತಿನ ಬೆಲೆಯಷ್ಟೇ ಕೊಡಿ.